ಮಲಗಿದ್ದಾರೆಂದು ಬಿಡಬೇಡಿ

ಗಸಗಸೆ ನಮ್ಮೆಲ್ಲರ ಅಡುಗೆಮನೆಯ ಡಬ್ಬಿಯಲ್ಲಿದೆ. ಅದೇ ಗಿಡದ ಹಸಿ ಕಾಯಿಯನ್ನು ಗೀರಿದಾಗ ಒಸರುವ ಹಾಲು ಒಣಗಿದರೆ ಅಫೀಮು. ನೋವಿಗೆ ಮದ್ದು, ನಿದ್ದೆಗೂ ಮದ್ದು. ಆ ನಿದ್ದೆಯನ್ನು ನಂಬಿ ಮೋಸಹೋದವರಲ್ಲಿ ತಾಯಂದಿರೇ ಬಹಳ.

19ನೆಯ ಶತಮಾನದ ಇಂಗ್ಲೆಂಡಿನ ಗಿರಣಿ ಊರುಗಳಲ್ಲಿ ‘ಗಾಡ್‌ಫ್ರೀಸ್ ಕಾರ್ಡಿಯಲ್’ ಎಂಬ ಸಿಹಿ ಔಷಧ ಸುಲಭವಾಗಿ ಸಿಗುತ್ತಿತ್ತು. ಕಾಕಂಬಿಯಲ್ಲಿ ಕಲಸಿದ ಅಫೀಮು ಅದು. ತಾಯಿ ಕೆಲಸಕ್ಕೆ ಹೋದಾಗ ಮಗು ಅಳದಿರಲೆಂದು ಒಂದು ಚಮಚ ಕುಡಿಸುತ್ತಿದ್ದರು. ಕೆಲವು ಮಕ್ಕಳು ಮತ್ತೆ ಏಳಲಿಲ್ಲ. 1868ರಲ್ಲಿ ಅಫೀಮಿನ ಸೀಸೆಗೆ ‘ವಿಷ’ ಎಂಬ ಚೀಟಿ ಕಡ್ಡಾಯವಾಯಿತು. ಆದರೆ ಪೇಟೆಂಟ್ ಔಷಧಗಳಿಗೆ ವಿನಾಯಿತಿ ಸಿಕ್ಕಿತು. ಮುಂಬಯಿಯ ಹತ್ತಿಗಿರಣಿಗಳ ಹೆಂಗಸರೂ 20ನೆಯ ಶತಮಾನದ ಮೊದಲ ದಶಕಗಳಲ್ಲಿ ‘ಬಾಲಗೋಲಿ’ ಎಂಬ ಅಫೀಮಿನ ಗುಳಿಗೆ ಕೊಟ್ಟು ಕೆಲಸಕ್ಕೆ ಹೋಗುತ್ತಿದ್ದರು. ಅವರನ್ನು ಕಟುಕರೆನ್ನಲು ನನಗೆ ನಾಲಿಗೆ ಏಳದು. ಮಗುವನ್ನು ನೋಡಿಕೊಳ್ಳುವವರಿಲ್ಲ, ಕೂಲಿ ಬಿಟ್ಟರೆ ಒಲೆ ಉರಿಯುವುದಿಲ್ಲ.

ಅಫೀಮು ಹೆಚ್ಚಾದವರನ್ನು ಆಗಿನ ವೈದ್ಯರು ತೋಳು ಹಿಡಿದು ಅತ್ತಿತ್ತ ನಡೆಸುತ್ತಿದ್ದರು, ತಣ್ಣೀರು ಎರಚುತ್ತಿದ್ದರು, ಗಟ್ಟಿ ಕಾಫಿ ಕುಡಿಸುತ್ತಿದ್ದರು. ಹೋರಾಟವೆಲ್ಲ ನಿದ್ದೆಯ ಮೇಲೆ. ಆದರೆ ಕೊಲ್ಲುವುದು ನಿದ್ದೆಯಲ್ಲ. ಮೆದುಳು ಉಸಿರಾಡುವುದನ್ನೇ ಮರೆಯುವುದು.

ನಿಜವಾದ ಪ್ರತಿಮದ್ದು ಬಂದದ್ದು ಬಹಳ ತಡವಾಗಿ. 1961ರಲ್ಲಿ ಅಮೆರಿಕದ ಜ್ಯಾಕ್ ಫಿಶ್‌ಮನ್ ಮತ್ತು ಮೋಜೆಸ್ ಲೆವೆನ್‌ಸ್ಟೈನ್ ನಲೋಕ್ಸೋನ್‌ಗೆ ಪೇಟೆಂಟ್ ಕೋರಿದರು. 1971ರಲ್ಲಿ ಅಲ್ಲಿ ಅನುಮತಿ ದೊರೆಯಿತು. ಮೆದುಳಿನಲ್ಲಿ ಅಫೀಮು ಹಿಡಿದ ಜಾಗದಿಂದ ಅದನ್ನು ತಳ್ಳಿ, ಕೆಲವೇ ನಿಮಿಷಗಳಲ್ಲಿ ಉಸಿರನ್ನು ಮರಳಿಸುವ ಮದ್ದು ಇದು. ಮೊದಲು ಇದು ವೈದ್ಯರ ಕೈಯಲ್ಲೇ ಇತ್ತು. 1996ರಲ್ಲಿ ಶಿಕಾಗೋದ ಸ್ವಯಂಸೇವಕರು ಮಾದಕ ವ್ಯಸನಿಗಳ ಕೈಗೇ ಇದನ್ನು ಕೊಡತೊಡಗಿದರು. ಪಕ್ಕದಲ್ಲಿರುವವನೇ ಅಲ್ಲವೆ ಮೊದಲು ನೋಡುವವನು!

ನಮ್ಮ ಮನೆಗಳಲ್ಲೂ ಕ್ಯಾನ್ಸರ್ ರೋಗಿಯ ಮಾರ್ಫಿನ್ ಮಾತ್ರೆ, ಕೊಡೀನ್ ಬೆರೆತ ಕೆಮ್ಮಿನ ಔಷಧಿ ಇರಬಹುದು. ವೈದ್ಯರು ಹೇಳಿದ ಅಳತೆಯಲ್ಲಿ ಕೊಡಲು ಹೆದರಬೇಕಿಲ್ಲ. ಮಕ್ಕಳ ಕೈಗೆ ಎಟುಕದಂತೆ ಬೀಗ ಹಾಕಿಡಬೇಕು, ಅಷ್ಟೆ. ಆದರೆ ಕೂಗಿದರೂ ಅಲುಗಿಸಿದರೂ ಏಳದೆ, ಉಸಿರು ನಿಧಾನವಾಗಿ, ಗೊರಗೊರ ಸದ್ದು ಬಂದು, ತುಟಿ ನೀಲಿಗಟ್ಟಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿದ್ದರೆ ತಡಮಾಡಬೇಡಿ. ಎಲ್ಲ ಗುರುತೂ ಕಾಣಲೆಂದು ಕಾಯಲೂ ಬೇಡಿ. 108ಕ್ಕೆ ಕರೆಮಾಡಿ. ಉಸಿರು ನಿಂತಿದ್ದರೆ ಬಾಯಿಗೆ ಬಾಯಿಟ್ಟು ಗಾಳಿ ಊದಿ. ಆಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಕಾಫಿ, ನೀರು ಏನೂ ಬೇಡ. ನಲೋಕ್ಸೋನ್ ಕೊಟ್ಟು ಎಚ್ಚರವಾದರೂ ಆಸ್ಪತ್ರೆ ತಪ್ಪಿಸಬಾರದು. ಅದರ ಬಲ ಇಳಿದ ಮೇಲೆ ವಿಷ ಮತ್ತೆ ಏರಬಹುದು.