ಎಲ್ವುಡ್ ಜೆನ್ಸನ್ ಮತ್ತು ಈಸ್ಟ್ರೋಜನ್ ಗ್ರಾಹಕ: ಒಂದು ಸಂಶೋಧನೆಯ ಪ್ರಭಾವದ ವಿವೇಚನೆ

ಸ್ತ್ರೀ ಹಾರ್ಮೋನಾದ ಈಸ್ಟ್ರೋಜನ್ ರಕ್ತದೊಡನೆ ದೇಹದ ಎಲ್ಲ ಅಂಗಾಂಶಗಳನ್ನೂ ತಲುಪುತ್ತದೆ. ಆದರೆ ಅದಕ್ಕೆ ಗರ್ಭಕೋಶ ಬೆಳೆಯುವಂತೆ ತೋಳಿನ ಸ್ನಾಯು ಬೆಳೆಯುವುದಿಲ್ಲ. ಈ ಭೇದಕ್ಕೆ 1950ರ ದಶಕದ ವಿಜ್ಞಾನ ಕಿಣ್ವಗಳಲ್ಲಿ ಉತ್ತರ ಹುಡುಕುತ್ತಿತ್ತು. ಪ್ರಮುಖ ಈಸ್ಟ್ರೋಜನ್ ಆದ ಈಸ್ಟ್ರಡಯೋಲ್ ಕೋಶದೊಳಗೆ ಉತ್ಕರ್ಷಣೆಗೊಂಡು ಈಸ್ಟ್ರೋನ್ ಆಗುತ್ತದೆ, ಮರಳಿ ಈಸ್ಟ್ರಡಯೋಲ್ ಆಗುತ್ತದೆ. ಈ ಅದಲುಬದಲಿನಲ್ಲಿ ಹೈಡ್ರೋಜನ್ ಒಂದು ಸಹಕಿಣ್ವದಿಂದ ಇನ್ನೊಂದಕ್ಕೆ ಸಾಗಿ ಬೆಳವಣಿಗೆಗೆ ನೆರವಾಗುತ್ತದೆ ಎಂಬುದು ಅಂದಿನ ಪ್ರಬಲ ವಾದ. ಅಂಗಾಂಶ ಹಾರ್ಮೋನನ್ನು ಏನು ಮಾಡುತ್ತದೆ ಎಂದು ಎಲ್ಲರೂ ಕೇಳುತ್ತಿದ್ದರು. ಹಾರ್ಮೋನು ಅಂಗಾಂಶದಲ್ಲಿ ಎಲ್ಲಿಗೆ ಹೋಗುತ್ತದೆ, ಅಲ್ಲಿ ಏನು ಮಾಡುತ್ತದೆ ಎಂದು ಕೇಳಿದವರು ಎಲ್ವುಡ್ ಜೆನ್ಸನ್.

ಅಮೆರಿಕದ ಫಾರ್ಗೋ ಎಂಬಲ್ಲಿ 1920ರಲ್ಲಿ ಹುಟ್ಟಿದ ಜೆನ್ಸನ್ ಮೂಲತಃ ಸಾವಯವ ರಸಾಯನವಿಜ್ಞಾನಿ. 1944ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು, ಜ್ಯೂರಿಕ್‌ನಲ್ಲಿ ರಸಾಯನವಿಜ್ಞಾನಿ ರುಜಿಚ್ಕ ಅವರ ಬಳಿ ಸ್ಟೀರಾಯ್ಡುಗಳ ರಸಾಯನವನ್ನು ಅಭ್ಯಾಸ ಮಾಡಿದರು. 1947ರಲ್ಲಿ ಷಿಕಾಗೋಗೆ ಮರಳಿ, ಹಾರ್ಮೋನು ಮತ್ತು ಕ್ಯಾನ್ಸರಿನ ಸಂಬಂಧವನ್ನು ಶೋಧಿಸುತ್ತಿದ್ದ ಶಸ್ತ್ರವೈದ್ಯ ಚಾರ್ಲ್ಸ್ ಹಗಿನ್ಸ್ ಅವರ ಜೊತೆಗೂಡಿದರು. ಪ್ರಶ್ನೆ ಜೀವವಿಜ್ಞಾನದ್ದಾದರೂ ಅದನ್ನು ಬಿಡಿಸಿದ್ದು ರಸಾಯನವಿಜ್ಞಾನಿಯ ಕೈಚಳಕವೆಂಬುದನ್ನು ಇಲ್ಲಿ ಮರೆಯಬಾರದು.

ಎಳೆಯ ಇಲಿಯ ಗರ್ಭಕೋಶವನ್ನು ಬೆಳೆಸಲು ಒಂದು ಮೈಕ್ರೋಗ್ರಾಮಿಗಿಂತ ಕಡಿಮೆ ಈಸ್ಟ್ರಡಯೋಲ್ ಸಾಕು. ಅಷ್ಟು ಅಲ್ಪ ಪ್ರಮಾಣದ ಜಾಡು ಹಿಡಿಯಲು ಕಾರ್ಬನ್-14ರ ವಿಕಿರಣ ಸಾಲದು. ಹೆಚ್ಚು ಹಾರ್ಮೋನು ಕೊಟ್ಟರೆ ಪ್ರಯೋಗ ಸಹಜಸ್ಥಿತಿಯಿಂದ ದೂರ ಸರಿಯುತ್ತದೆ. ಹರ್ಬರ್ಟ್ ಜೇಕಬ್ಸನ್ ಅವರೊಂದಿಗೆ ಜೆನ್ಸನ್ ವಿಕಿರಣಶೀಲ ಹೈಡ್ರೋಜನ್ ಆದ ಟ್ರಿಟಿಯಂ ಅನಿಲವನ್ನು ಬಳಸುವ ಉಪಕರಣವನ್ನೇ ಕಟ್ಟಿ, ತೀವ್ರ ವಿಕಿರಣದ ಈಸ್ಟ್ರಡಯೋಲನ್ನು ತಯಾರಿಸಿದರು. ಅದನ್ನು ಎಳೆಯ ಹೆಣ್ಣಿಲಿಗಳಿಗೆ ಚುಚ್ಚಿದಾಗ ರಕ್ತ, ಯಕೃತ್ತು, ಮೂತ್ರಪಿಂಡಗಳಲ್ಲಿ ವಿಕಿರಣ ಬೇಗನೆ ಇಳಿಯಿತು. ಗರ್ಭಕೋಶ ಮತ್ತು ಯೋನಿ ಮಾತ್ರ ಗಂಟೆಗಟ್ಟಲೆ ಅದನ್ನು ಹಿಡಿದಿಟ್ಟವು. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಗರ್ಭಕೋಶದಿಂದ ಹೊರತೆಗೆದಾಗ ಅದು ಈಸ್ಟ್ರಡಯೋಲ್ ಆಗಿಯೇ ಉಳಿದಿತ್ತು. ರಾಸಾಯನಿಕವಾಗಿ ಬದಲಾಗದೆಯೇ ಹಾರ್ಮೋನು ಕೆಲಸ ಮಾಡುತ್ತಿದೆಯೆಂದ ಮೇಲೆ ಕಿಣ್ವವಾದಕ್ಕೆ ನೆಲೆ ಉಳಿಯಲಿಲ್ಲ. ಹಾರ್ಮೋನನ್ನು ಹಿಡಿದುಕೊಳ್ಳುವ ಒಂದು ಘಟಕ, ಅಂದರೆ ಗ್ರಾಹಕ, ಈ ಅಂಗಾಂಶಗಳಲ್ಲಿ ಇರಲೇಬೇಕಿತ್ತು.

1958ರಲ್ಲಿ ವಿಯೆನ್ನಾದ ಜೀವರಸಾಯನ ಸಮ್ಮೇಳನದಲ್ಲಿ ಈ ಫಲಿತಾಂಶ ಮಂಡನೆಯಾಯಿತು. ಕೇಳಲು ಬಂದಿದ್ದವರು ಐದು ಮಂದಿ, ಅವರಲ್ಲಿ ಮೂವರು ಅದೇ ಗೋಷ್ಠಿಯ ಭಾಷಣಕಾರರು ಎಂದು ಜೆನ್ಸನ್ ಮುಂದೆ ನೆನಪಿಸಿಕೊಳ್ಳುತ್ತಿದ್ದರು. ಗ್ರಾಹಕ ಪ್ರೋಟೀನ್ ಎಂಬುದನ್ನು 1966ರಲ್ಲಿ ಡೇವಿಡ್ ಟಾಫ್ಟ್ ಮತ್ತು ಜ್ಯಾಕ್ ಗೋರ್ಸ್ಕಿ ತೋರಿಸಿದರು. ಗ್ರಾಹಕ ಕೋಶದ್ರವದಲ್ಲಿದ್ದು, ಹಾರ್ಮೋನು ಅಂಟಿದ ಮೇಲೆ ಕೋಶಕೇಂದ್ರಕ್ಕೆ ಸಾಗುತ್ತದೆ ಎಂಬ ಎರಡು ಹಂತಗಳ ಮಾದರಿಯನ್ನು 1968ರ ಹೊತ್ತಿಗೆ ಜೆನ್ಸನ್ ಮತ್ತು ಗೋರ್ಸ್ಕಿ ಬೇರೆಬೇರೆಯಾಗಿ ಮುಂದಿಟ್ಟರು. ಈ ಮಾದರಿ ಪೂರ್ತಿ ನಿಲ್ಲಲಿಲ್ಲ. ಹಾರ್ಮೋನು ಇಲ್ಲದಾಗಲೂ ಈ ಗ್ರಾಹಕ ಬಹುಪಾಲು ಕೋಶಕೇಂದ್ರದಲ್ಲೇ ಇರುತ್ತದೆಂದು 1984ರಲ್ಲಿ ತಿಳಿಯಿತು. ಒಂದು ಪುರಾವೆ ಬಂದದ್ದು ಗೋರ್ಸ್ಕಿಯವರ ಪ್ರಯೋಗಾಲಯದಿಂದಲೇ. ಇನ್ನೊಂದು, ಜೆನ್ಸನ್ ಮತ್ತು ಜೆಫ್ರಿ ಗ್ರೀನ್ ಒಟ್ಟಾಗಿ ಬೆಳೆಸಿದ್ದ ಪ್ರತಿಕಾಯಗಳನ್ನು ಬಳಸಿ ಷಿಕಾಗೋದಿಂದ ಬಂತು. ತನ್ನ ಸಿದ್ಧಾಂತವನ್ನು ತಿದ್ದುವ ಸಾಧನವನ್ನು ತಾನೇ ಒದಗಿಸಿದ ಸಂಶೋಧನೆ ದುರ್ಬಲವಾದುದಲ್ಲ. ಬಿದ್ದುಹೋದದ್ದು ಗ್ರಾಹಕದ ವಿಳಾಸ ಮಾತ್ರ. ಹಾರ್ಮೋನು ಕೂಡಿದ ಗ್ರಾಹಕ ಜೀನುಗಳ ಚಟುವಟಿಕೆಯನ್ನು ನಿಯಂತ್ರಿಸುತ್ತದೆ ಎಂಬ ತಿರುಳು ಉಳಿಯಿತು.

ಚಿಕಿತ್ಸೆಯಲ್ಲಿ ಇದರ ಫಲ ಹೆಚ್ಚು ನೇರವಾಗಿ ಕಾಣುತ್ತದೆ. ಉಲ್ಬಣಗೊಂಡ ಸ್ತನ ಕ್ಯಾನ್ಸರಿಗೆ ಆಗ, ಈಸ್ಟ್ರೋಜನ್ನಿನ ಮೂಲವನ್ನು ಕಡಿಯಲೆಂದು, ಅಂಡಾಶಯಗಳನ್ನೋ ಅಡ್ರಿನಲ್ ಗ್ರಂಥಿಗಳನ್ನೋ ತೆಗೆದುಹಾಕುತ್ತಿದ್ದರು. ಗುಣ ಕಾಣುತ್ತಿದ್ದುದು ಸುಮಾರು ಮೂರರಲ್ಲಿ ಒಬ್ಬರಿಗೆ. ಉಳಿದಿಬ್ಬರು ಆ ಘೋರ ಶಸ್ತ್ರಚಿಕಿತ್ಸೆಯನ್ನು ವ್ಯರ್ಥವಾಗಿ ಅನುಭವಿಸುತ್ತಿದ್ದರು. ಗೆಡ್ಡೆಯಲ್ಲಿ ಗ್ರಾಹಕ ಹೇರಳವಾಗಿದ್ದವರಿಗೆ ಮಾತ್ರ ಈ ಚಿಕಿತ್ಸೆ ಫಲಿಸುವ ಸಂಭವ ಹೆಚ್ಚು, ಇಲ್ಲದವರಿಗೆ ಬಹುತೇಕ ಇಲ್ಲ ಎಂದು 1970ರ ದಶಕದ ಆರಂಭದಲ್ಲಿ ಜೆನ್ಸನ್ ತಂಡ ತೋರಿಸಿತು. ಶಸ್ತ್ರಕ್ಕೆ ಬದಲಾಗಿ ಗುಳಿಗೆ ಬಂದಾಗಲೂ ಇದೇ ಪರೀಕ್ಷೆ ದಾರಿ ತೋರಿತು. 1977ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಟ್ಯಾಮಾಕ್ಸಿಫೆನ್ ಸ್ತನದಲ್ಲಿ ಈ ಗ್ರಾಹಕವನ್ನೇ ತಡೆಯುವ ಔಷಧ. ಅದರ ಶ್ರೇಯಸ್ಸನ್ನು ಜೆನ್ಸನ್‌ಗೆ ಒಪ್ಪಿಸುವುದು ಸಲ್ಲದು. ಅದನ್ನು ಸಂಶ್ಲೇಷಿಸಿದವರು ಬ್ರಿಟನ್ನಿನ ಐಸಿಐ ಕಂಪನಿಯ ಡೋರಾ ರಿಚರ್ಡ್‌ಸನ್. ಕ್ಯಾನ್ಸರ್ ಔಷಧವಾಗಿ ಅದರ ಅಧ್ಯಯನವನ್ನು ಬೆಳೆಸಿದವರಲ್ಲಿ ಕ್ರೇಗ್ ಜೋರ್ಡನ್ ಪ್ರಮುಖರು. ಯಾರಿಗೆ ಕೊಡಬೇಕು ಎಂಬ ಆಯ್ಕೆ ಮಾತ್ರ ಜೆನ್ಸನ್ ತೆರೆದ ಹಾದಿಯದು. ಸ್ತನ ಕ್ಯಾನ್ಸರುಗಳಲ್ಲಿ ಶೇ. 70ಕ್ಕೂ ಹೆಚ್ಚು ಈ ಗ್ರಾಹಕವುಳ್ಳವು. ಬೆಂಗಳೂರಿನ ಆಸ್ಪತ್ರೆಗಳ ಬಯಾಪ್ಸಿ ವರದಿಯಲ್ಲೂ ಕಾಣುವ ‘ಇಆರ್ ಪಾಸಿಟಿವ್’ ಎಂಬ ನಮೂದು ಈ ಈಸ್ಟ್ರೋಜನ್ ಗ್ರಾಹಕ ಇರುವುದನ್ನೇ ಸೂಚಿಸುತ್ತದೆ.

1985ರಲ್ಲಿ ರೊನಾಲ್ಡ್ ಇವಾನ್ಸ್ ತಂಡ ಇನ್ನೊಂದು ಸ್ಟೀರಾಯ್ಡ್ ಹಾರ್ಮೋನಾದ ಗ್ಲುಕೊಕಾರ್ಟಿಕಾಯ್ಡಿನ ಗ್ರಾಹಕದ ಜೀನನ್ನೂ, ಮರುವರ್ಷ ಪಿಯರ್ ಷಾಂಬೋನ್ ಮತ್ತು ಗ್ರೀನ್ ಅವರ ತಂಡಗಳು ಈಸ್ಟ್ರೋಜನ್ ಗ್ರಾಹಕದ ಜೀನನ್ನೂ ಬಿಡಿಸಿದವು. ಥೈರಾಯ್ಡ್ ಹಾರ್ಮೋನು, ಡಿ ವಿಟಮಿನ್, ಎ ವಿಟಮಿನ್ನಿನಿಂದ ಬರುವ ಆಮ್ಲ ಇವೆಲ್ಲಕ್ಕೂ ಇದೇ ಕುಟುಂಬದ ಗ್ರಾಹಕಗಳಿರುವುದು ಬಳಿಕ ತಿಳಿಯಿತು. ಮನುಷ್ಯನಲ್ಲಿ ಇಂಥವು 48. ಜೆನ್ಸನ್, ಷಾಂಬೋನ್, ಇವಾನ್ಸ್ ಮೂವರಿಗೂ 2004ರ ಲಾಸ್ಕರ್ ಪ್ರಶಸ್ತಿ ಸಂದಿತು. ನೊಬೆಲ್ ಬರಲಿಲ್ಲ; 2012ರ ಡಿಸೆಂಬರಿನಲ್ಲಿ ಸಿನ್ಸಿನಾಟಿಯಲ್ಲಿ ಜೆನ್ಸನ್ ತೀರಿಕೊಂಡರು. ಉಲ್ಲೇಖಗಳ ಎಣಿಕೆಯಿಂದ ಸಂಶೋಧನೆಯನ್ನು ಅಳೆಯುವ ಇಂದಿನ ರೂಢಿಗೆ ಈ ಕೆಲಸದ ತೂಕ ಸಿಕ್ಕುವುದಿಲ್ಲ. ಅವರ ಪರೀಕ್ಷೆಯನ್ನು ಈಗ ಯಾರೂ ಉಲ್ಲೇಖಿಸುವುದಿಲ್ಲ, ಎಲ್ಲರೂ ಮಾಡಿಸುತ್ತಾರೆ.