ಕ್ಯಾಮೆರಾ ಹಿಡಿದವರು, ಪಾಠ ಹೇಳಿದವರು: ಕನ್ನಡ ನಾಡಿನಲ್ಲಿ ಸಿನಿಮಾ ಬೋಧನೆ

ಕರ್ನಾಟಕದಲ್ಲಿ ಸಿನಿಮಾ ತಯಾರಿಕೆಯ ಇತಿಹಾಸವನ್ನು ಬರೆದವರು ಹಲವರಿದ್ದಾರೆ. ಸಿನಿಮಾವನ್ನು ಕಲಿಸಿದವರ ಇತಿಹಾಸ ಮಾತ್ರ ಬಿಡಿ ಸಂಗತಿಗಳಾಗಿಯೇ ಉಳಿದಿದೆ. ಈ ಬೋಧಕರು ಮೊದಲಿನಿಂದಲೂ ಎರಡು ಬಗೆಯವರು. ಕ್ಯಾಮೆರಾ, ದೀಪ, ಧ್ವನಿಗ್ರಹಣಗಳಲ್ಲಿ ಪಳಗಿ ಆ ಕಸುಬನ್ನೇ ಹೇಳಿಕೊಟ್ಟವರು ಒಂದು ಬಗೆಯಾದರೆ, ಚಿತ್ರವನ್ನು ಸಾಹಿತ್ಯಕೃತಿಯಂತೆ ಓದಿ ಬಿಡಿಸಿ ತೋರಿಸಿದ ವಿದ್ವಾಂಸರು ಇನ್ನೊಂದು ಬಗೆ. ಇವರಿಬ್ಬರೂ ಒಂದೇ ಸೂರಿನಡಿ ಕೂಡಿದ ಕಾಲಗಳಲ್ಲಿ ಈ ವಿದ್ಯೆ ಚೆನ್ನಾಗಿ ಫಲಿಸಿದೆ, ದೂರವಾದ ಕಾಲಗಳಲ್ಲಿ ಬಡವಾಗಿದೆ. ಇದು ನಗರಗಳಿಗಷ್ಟೇ ಸಂಬಂಧಪಟ್ಟ ವಿಷಯವೂ ಅಲ್ಲ. ಗದಗ ಜಿಲ್ಲೆಯ ರೋಣ ತಾಲೂಕಿನಲ್ಲಿ ಮಲಪ್ರಭೆಯ ದಂಡೆಯ ಮೆಣಸಗಿಯಂಥ ಹಳ್ಳಿಯ ವಿದ್ಯಾರ್ಥಿಗೆ ಸಿನಿಮಾ ಕಲಿಯುವ ದಾರಿ ಯಾವ ಕಾಲದಲ್ಲಿ ಎಷ್ಟು ದೂರವಿತ್ತು ಎಂಬ ಪ್ರಶ್ನೆಯಿಂದ ನೋಡಿದರೆ ಆ ಇತಿಹಾಸದ ಸ್ವರೂಪ ಹೆಚ್ಚು ಸ್ಪಷ್ಟವಾಗುತ್ತದೆ.

ಮಾಸ್ಕೋದಲ್ಲಿ 1919ರಲ್ಲೇ ಸಿನಿಮಾ ಶಾಲೆ ತೆರೆದಿತ್ತು. ಕನ್ನಡ ನಾಡಿನಲ್ಲಿ ಈ ಶಿಕ್ಷಣ ಆರಂಭವಾದದ್ದು 1943ರಲ್ಲಿ, ಕಲೆಯ ಹೆಸರಿನಲ್ಲಲ್ಲ, ಉದ್ಯೋಗದ ಹೆಸರಿನಲ್ಲಿ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗಾಗಿ ಸಲ್ಲಿಸಿದ ಸೇವೆಗೆ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ಸರ್ ಎಂ. ವಿಶ್ವೇಶ್ವರಯ್ಯನವರು ಸ್ವಂತಕ್ಕೆ ಬಳಸದೆ, ಯುವಕರಿಗೆ ಕೈಕೆಲಸ ಕಲಿಸುವ ಸಂಸ್ಥೆಯೊಂದಕ್ಕೆ ವಿನಿಯೋಗಿಸಲು ಸೂಚಿಸಿದ್ದರಿಂದ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಸ್ಥಾಪನೆಯಾಯಿತು. ಮುಂದೆ ಎಸ್.ಜೆ. ಪಾಲಿಟೆಕ್ನಿಕ್ ಎಂದು ಹೆಸರಾದ ಈ ಸಂಸ್ಥೆಯಲ್ಲಿ ಇತರ ತಾಂತ್ರಿಕ ವಿಷಯಗಳ ಜೊತೆಗೆ ಛಾಯಾಗ್ರಹಣವನ್ನೂ ಧ್ವನಿಗ್ರಹಣವನ್ನೂ ಡಿಪ್ಲೊಮಾ ವಿಷಯಗಳಾಗಿ ಕಲಿಸಲಾಯಿತು. ಅದರ ಸಿನಿಮಾ ಶಾಖೆಯೇ ಇಂದು ಹೆಸರಘಟ್ಟದಲ್ಲಿರುವ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯ ಮೂಲ. ಆ ಹೊತ್ತಿಗೆ ರೋಣ ತಾಲೂಕು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದು, ಬೆಂಗಳೂರು ಮೈಸೂರು ಸಂಸ್ಥಾನದಲ್ಲಿದ್ದುದರಿಂದ, ಮಲಪ್ರಭೆಯ ಕಡೆಯ ಹುಡುಗನಿಗೆ ಈ ಪಾಲಿಟೆಕ್ನಿಕ್ ಬೇರೊಂದು ಆಡಳಿತದ ಸಂಸ್ಥೆಯಾಗಿತ್ತು. ಗದಗ ಸೀಮೆಯಲ್ಲಿ ಆಗ ಅಭಿನಯದ ಶಿಕ್ಷಣವೆಂದರೆ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯಂಥ ವೃತ್ತಿ ಕಂಪನಿಗಳಲ್ಲಿ ನೋಡಿ, ಮಾಡಿ ಕಲಿಯುವ ಪದ್ಧತಿಯೇ ಆಗಿತ್ತು.

ಪಾಲಿಟೆಕ್ನಿಕ್ಕಿನ ಮೊದಮೊದಲ ವಿದ್ಯಾರ್ಥಿಗಳಲ್ಲಿ ಮೈಸೂರಿನ ವಿ.ಕೆ. ಮೂರ್ತಿ ಒಬ್ಬರು. 1946ರಲ್ಲಿ ಡಿಪ್ಲೊಮಾ ಪಡೆದು ಮುಂಬಯಿಗೆ ಹೋದ ಅವರು ಗುರುದತ್ತರ ಚಿತ್ರಗಳ ಛಾಯಾಗ್ರಾಹಕರಾದರು. 1959ರ ‘ಕಾಗಜ್ ಕೆ ಫೂಲ್’ ಚಿತ್ರದ ಒಂದು ಹಾಡಿನಲ್ಲಿ ಕತ್ತಲೆ ತುಂಬಿದ ಸ್ಟುಡಿಯೊದೊಳಗೆ ಬೆಳಕಿನ ದಪ್ಪ ಕೋಲೊಂದು ಮೇಲಿನಿಂದ ಓರೆಯಾಗಿ ಇಳಿಯುತ್ತದೆ. ಸ್ಟುಡಿಯೊದ ದೀಪಗಳಿಂದ ಹೊರಡುವ ಬೆಳಕು ಹರಡಿಕೊಳ್ಳುತ್ತದೆ, ಸೂರ್ಯಕಿರಣಗಳಂತೆ ಒಂದಕ್ಕೊಂದು ಸಮಾಂತರವಾಗಿ ಬೀಳುವುದಿಲ್ಲ. ಇದನ್ನರಿತ ಮೂರ್ತಿಯವರು ಹೊರಗಿನ ಬಿಸಿಲನ್ನು ಒಂದು ದೊಡ್ಡ ಕನ್ನಡಿಯಿಂದ ಒಳಗೆ ತಿರುಗಿಸಿ, ಎತ್ತರದಲ್ಲಿಟ್ಟ ಇನ್ನೊಂದು ಕನ್ನಡಿಯಿಂದ ನೆಲಕ್ಕೆ ಇಳಿಸಿದರು. ಬೆಳಕಿನ ಗುಣವನ್ನು ಬಲ್ಲವನಿಗೆ ಮಾತ್ರ ಹೊಳೆಯುವ ಈ ಉಪಾಯ, ಕಸುಬಿನ ಶಿಕ್ಷಣವೂ ಕಲೆಯ ಎತ್ತರಕ್ಕೆ ಏರಬಲ್ಲದೆಂಬುದಕ್ಕೆ ಸಾಕ್ಷಿ. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. 1962ರಲ್ಲಿ ಇದೇ ಪಾಲಿಟೆಕ್ನಿಕ್ಕಿನಿಂದ ಹೊರಬಂದ ಗೋವಿಂದ ನಿಹಲಾನಿ ಮೂರ್ತಿಯವರ ಸಹಾಯಕರಾಗಿ ಪಳಗಿ, 1973ರಲ್ಲಿ ಗಿರೀಶ ಕಾರ್ನಾಡರ ‘ಕಾಡು’ ಚಿತ್ರಕ್ಕೆ ಕ್ಯಾಮೆರಾ ಹಿಡಿದರು. ತರಗತಿಯಲ್ಲಿ ಆರಂಭವಾದ ಕಲಿಕೆ ಗುರುಶಿಷ್ಯ ಪರಂಪರೆಯಾಗಿ ಮುಂದುವರಿದ ರೀತಿ ಇದು.

ಎರಡನೆಯ ಧಾರೆ ಪುಣೆಯಿಂದ ಬಂತು. 1960ರಲ್ಲಿ ಪ್ರಭಾತ್ ಸ್ಟುಡಿಯೊದ ಆವರಣದಲ್ಲಿ ಆರಂಭವಾದ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಚಿತ್ರನಿರ್ಮಾಣದ ವಿಭಾಗಗಳ ಜೊತೆಗೆ ರಸಗ್ರಹಣವೂ ಪಾಠದ ವಿಷಯವಾಯಿತು. ಚಿತ್ರವೊಂದು ಯಾವ ಅಂಶಗಳಿಂದ ಕಟ್ಟಿಕೊಂಡಿದೆ, ಆ ಕಟ್ಟಡದಿಂದ ಅರ್ಥ ಹೇಗೆ ಹುಟ್ಟುತ್ತದೆ ಎಂಬುದನ್ನು ಅರಿತು ಸವಿಯುವ ಶಿಸ್ತಿಗೆ ರಸಗ್ರಹಣವೆಂದು ಹೆಸರು. ಆಗ್ರಾದಲ್ಲಿ ಅಧ್ಯಾಪಕರಾಗಿದ್ದು, ಫಿಲ್ಮ್ ಸೊಸೈಟಿ ನಡೆಸಿ ಪುಣೆಗೆ ಬಂದ ಸತೀಶ್ ಬಹಾದ್ದೂರ್ ಇದರ ಪ್ರಧಾನ ಗುರು. 1964ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಕಟ್ಟಿದ ಪಿ.ಕೆ. ನಾಯರ್ ಬಹಾದ್ದೂರರಿಗೆ ಒತ್ತಾಸೆಯಾಗಿ ನಿಂತರು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ ಓದಿದ್ದ ಗಿರೀಶ ಕಾರ್ನಾಡರು 1974-75ರಲ್ಲಿ ಈ ಸಂಸ್ಥೆಯ ನಿರ್ದೇಶಕರಾಗಿದ್ದರು. ಚಿತ್ರ ಮಾಡಿದವರೇ ಶಾಲೆಯ ಹೊಣೆ ಹೊತ್ತ ಆ ಕಾಲದಲ್ಲಿ ಗಿರೀಶ ಕಾಸರವಳ್ಳಿ ಅಲ್ಲಿ ವಿದ್ಯಾರ್ಥಿ. ಮಣಿಪಾಲದಲ್ಲಿ ಫಾರ್ಮಸಿ ಪದವಿ ಪಡೆದು ಆ ವೃತ್ತಿ ಬಿಟ್ಟು ಬಂದಿದ್ದ ಅವರು, ಬಿ.ವಿ. ಕಾರಂತರ ‘ಚೋಮನ ದುಡಿ’ಗೆ ಸಹಾಯಕರಾಗಿ ದುಡಿದು, 1977ರಲ್ಲಿ ‘ಘಟಶ್ರಾದ್ಧ’ ನಿರ್ದೇಶಿಸಿ ತಮ್ಮ ನಾಲ್ಕು ಸ್ವರ್ಣಕಮಲಗಳಲ್ಲಿ ಮೊದಲನೆಯದನ್ನು ಪಡೆದರು.

ಪುಣೆಯ ಪಾಠ ಇಂಗ್ಲಿಷಿನಲ್ಲಿತ್ತು, ಆಯ್ದ ಕೆಲವರಿಗಷ್ಟೇ ದಕ್ಕುವಂತಿತ್ತು. ಅದನ್ನು ಕನ್ನಡದ ಹಳ್ಳಿಗೆ ತಂದದ್ದು ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರು. 1949ರಲ್ಲಿ ಹುಟ್ಟಿದ ನೀನಾಸಮ್ ಸಂಸ್ಥೆಯ ಅಂಗವಾಗಿ 1970ರ ದಶಕದಲ್ಲಿ ಚಿತ್ರಸಮಾಜ ರೂಪುಗೊಂಡು, ಅಡಿಕೆ ತೋಟಗಳ ನಡುವಿನ ರಂಗಮಂದಿರದಲ್ಲಿ ಜಗತ್ತಿನ ಶ್ರೇಷ್ಠ ಚಿತ್ರಗಳು ರೈತರ, ಕೂಲಿಕಾರರ, ಶಾಲಾ ಮಾಸ್ತರರ ಮುಂದೆ ತೆರೆಗೆ ಬಂದವು. ಬಹಾದ್ದೂರರೂ ನಾಯರರೂ ಅಲ್ಲಿಗೆ ಬಂದು ರಸಗ್ರಹಣ ಶಿಬಿರಗಳಲ್ಲಿ ಪಾಠ ಹೇಳಿದರು. ಬಹಾದ್ದೂರರು ‘ಪಥೇರ್ ಪಾಂಚಾಲಿ’ಯನ್ನು ಪಠ್ಯವಾಗಿಟ್ಟುಕೊಂಡು ಶಾಟಿನಿಂದ ಶಾಟಿಗೆ ಬಿಡಿಸುತ್ತಿದ್ದ ವಿಶ್ಲೇಷಣೆ ಪ್ರಸಿದ್ಧವಾದುದು. ಕ್ಯಾಮೆರಾ ಒಮ್ಮೆ ಓಡತೊಡಗಿ ನಿಲ್ಲುವವರೆಗೆ ದಾಖಲಾದ ತುಣುಕಿಗೆ ಶಾಟ್ ಎನ್ನುತ್ತಾರೆ. ದುರ್ಗಾ ಮತ್ತು ಅಪು ರೈಲು ಕಾಣುವ ದೃಶ್ಯದಲ್ಲಿ ಮೊದಲು ತಂತಿ ಕಂಬದ ಗುಂಯ್‌ಗುಡುವ ಸದ್ದು, ಆಮೇಲೆ ಬಿಳಿಯ ಹುಲ್ಲುಹೂವಿನ ಬಯಲು, ಬಳಿಕ ದೂರದ ಹೊಗೆ, ಕೊನೆಗೆ ರೈಲು ಬರುತ್ತವೆ. ಆ ಕ್ರಮವನ್ನು ಬದಲಿಸಿದರೆ ಮಕ್ಕಳ ಬೆರಗು ನೋಡುವವನಿಗೆ ದಾಟುವುದಿಲ್ಲ ಎಂಬುದನ್ನು ಇಂಥ ವಿಶ್ಲೇಷಣೆ ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. 1980ರ ದಶಕದ ಮೊದಲ ಭಾಗದಲ್ಲಿ ‘ಜನಸ್ಪಂದನ’ ಯೋಜನೆಯ ಮೂಲಕ ನೀನಾಸಮ್ ಚಿತ್ರಪ್ರದರ್ಶನವನ್ನೂ ರಂಗಶಿಬಿರಗಳನ್ನೂ ರಾಜ್ಯದ ಬೇರೆ ಬೇರೆ ಊರುಗಳಿಗೆ ಒಯ್ದಿತು. ರಸಗ್ರಹಣ ಶಿಬಿರ ಮುಂದೆ ಸಂಸ್ಕೃತಿ ಶಿಬಿರವಾಗಿ ಬೆಳೆಯಿತು. ಪದವಿ, ಅಂಕಪಟ್ಟಿಗಳ ಹಂಗಿಲ್ಲದೆ ಅಲ್ಲಿ ನಡೆದ ಬೋಧನೆಯನ್ನು ಕನ್ನಡದ ಮೊದಲ ಜನಪರ ಸಿನಿಮಾ ಶಾಲೆ ಎಂದು ಕರೆದರೆ ತಪ್ಪಾಗದು.

ವಿಶ್ವವಿದ್ಯಾಲಯಗಳು ಈ ಕ್ಷೇತ್ರಕ್ಕೆ ತಡವಾಗಿ ಬಂದವು. ಸಿನಿಮಾ ಅಧ್ಯಯನಕ್ಕೆಂದೇ ಪ್ರತ್ಯೇಕ ವಿಭಾಗ ತೆರೆದು ಜಾದವಪುರ ವಿಶ್ವವಿದ್ಯಾಲಯ 1993ರಲ್ಲಿ ದೇಶಕ್ಕೆ ದಾರಿ ತೋರಿತು; ಕರ್ನಾಟಕದಲ್ಲಿ ಬಹುಮಟ್ಟಿಗೆ ಪತ್ರಿಕೋದ್ಯಮ ಮತ್ತು ಸಂವಹನ ವಿಭಾಗಗಳ ಪತ್ರಿಕೆಗಳಲ್ಲೊಂದಾಗಿ ಸಿನಿಮಾ ತರಗತಿಯನ್ನು ಪ್ರವೇಶಿಸಿತು. ಇದರ ನಡುವೆ ಕಾಲೇಜು ಅಧ್ಯಾಪಕರು ತಮ್ಮ ಓದಿನ ಬಲದಿಂದಲೇ ಸಿನಿಮಾ ಚಿಂತನೆಯನ್ನು ಬೆಳೆಸಿದರು. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಎನ್. ಮನು ಚಕ್ರವರ್ತಿಯವರಿಗೆ 2010ನೇ ಸಾಲಿನ ಅತ್ಯುತ್ತಮ ಚಿತ್ರ ವಿಮರ್ಶಕ ರಾಷ್ಟ್ರಪ್ರಶಸ್ತಿ ಸಂದದ್ದೂ, ಅದಕ್ಕೆ ಹಿಂದಿನ ವರ್ಷದ ಪ್ರಶಸ್ತಿಗಳಲ್ಲಿ ಕೆ. ಪುಟ್ಟಸ್ವಾಮಿಯವರ ‘ಸಿನಿಮಾ ಯಾನ’ ಸಿನಿಮಾ ಕುರಿತ ಅತ್ಯುತ್ತಮ ಪುಸ್ತಕವೆನಿಸಿದ್ದೂ ಕನ್ನಡದ ಈ ಚಿಂತನೆಯ ಗಟ್ಟಿತನವನ್ನು ಹೇಳುತ್ತವೆ.

ಆದರೆ ವಿಶ್ವವಿದ್ಯಾಲಯದ ನೇಮಕಾತಿ ನಿಯಮಗಳೇ ಎರಡು ಬಗೆಯ ಗುರುಗಳ ನಡುವೆ ಗೋಡೆ ಎಬ್ಬಿಸಿದವು. ಕಾಯಂ ಅಧ್ಯಾಪಕನಾಗಲು ಸ್ನಾತಕೋತ್ತರ ಪದವಿಯ ಜೊತೆಗೆ ನೆಟ್ ಪರೀಕ್ಷೆಯೋ ಪಿಎಚ್.ಡಿ.ಯೋ ಬೇಕಾಗಿದ್ದರಿಂದ, ಹತ್ತಾರು ಚಿತ್ರಗಳ ಸಂಕಲನ ಮಾಡಿದ ಅನುಭವಿಯೂ ಅತಿಥಿಯಾಗಿ ಬಂದು ಹೋಗಬೇಕಾಯಿತು. ಇದಕ್ಕೆ ಪರಿಹಾರವೆಂಬಂತೆ ಯುಜಿಸಿ 2022ರಲ್ಲಿ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಎಂಬ ಹುದ್ದೆಗೆ ಮಾರ್ಗಸೂಚಿ ಹೊರಡಿಸಿತು. ತಮ್ಮ ಕ್ಷೇತ್ರದಲ್ಲಿ ಕನಿಷ್ಠ 15 ವರ್ಷ ದುಡಿದ ಪರಿಣತರನ್ನು ಪದವಿಯ ಕಡ್ಡಾಯವಿಲ್ಲದೆ, ಮಂಜೂರಾದ ಹುದ್ದೆಗಳ ಶೇ. 10ರ ಮಿತಿಯಲ್ಲಿ ನೇಮಿಸಿಕೊಳ್ಳಲು ಅದು ಅವಕಾಶ ಕೊಡುತ್ತದೆ. ಆದರೆ ಸೇವಾವಧಿ ಒಟ್ಟು ನಾಲ್ಕು ವರ್ಷ ಮೀರುವಂತಿಲ್ಲ. ಬಾಗಿಲು ತೆರೆದಿದೆ ನಿಜ, ಆದರೆ ಒಂದು ತಲೆಮಾರಿನ ಶಿಷ್ಯರನ್ನು ಬೆಳೆಸಲು ಬೇಕಾದ ಕಾಲಾವಕಾಶ ಅದರಲ್ಲಿಲ್ಲ.

1956ರ ಏಕೀಕರಣ ಬೆಂಗಳೂರನ್ನು ರೋಣದ ರಾಜಧಾನಿಯಾಗಿ ಮಾಡಿತು, 1997ರಲ್ಲಿ ಗದಗ ಜಿಲ್ಲಾ ಕೇಂದ್ರವಾಯಿತು. ಆಡಳಿತ ಹೀಗೆ ಹತ್ತಿರ ಬಂದರೂ ಸಿನಿಮಾ ವಿದ್ಯೆಯ ಕೇಂದ್ರಗಳು ಬಹುಪಾಲು ರಾಜಧಾನಿಯ ಸುತ್ತಲೇ ಉಳಿದಿವೆ. ಮೊಬೈಲಿನಲ್ಲೇ ಚಿತ್ರ ತೆಗೆಯಬಲ್ಲ ಇಂದಿನ ಮೆಣಸಗಿಯ ಹುಡುಗ ಹುಡುಗಿಯರಿಗೆ ಸಾಧನದ ಕೊರತೆಗಿಂತ ಗುರುವಿನ ಕೊರತೆ ದೊಡ್ಡದು. ಆ ಗುರು ಬೆಳಕನ್ನು ಕನ್ನಡಿಯಲ್ಲಿ ತಿರುಗಿಸಲೂ ಬಲ್ಲವನಾಗಿರಬೇಕು, ಶಾಟುಗಳ ಕ್ರಮದಲ್ಲಿರುವ ಅರ್ಥವನ್ನು ಕನ್ನಡದಲ್ಲಿ ಬಿಡಿಸಲೂ ಬಲ್ಲವನಾಗಿರಬೇಕು. ಒಬ್ಬರಲ್ಲೇ ಎರಡೂ ಸಿಗದಿದ್ದರೆ ಇಬ್ಬರನ್ನೂ ಒಂದೇ ತರಗತಿಗೆ ಕರೆತರುವ ಹೊಣೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೂ ಸೇರಿದಂತೆ ಈ ಭಾಗದ ಉನ್ನತ ಶಿಕ್ಷಣ ಸಂಸ್ಥೆಗಳ ಮೇಲಿದೆ. ಹೆಗ್ಗೋಡಿನಂಥ ಹಳ್ಳಿಯಲ್ಲಿ ನಾಲ್ಕು ದಶಕಗಳ ಹಿಂದೆಯೇ ಸಾಧ್ಯವಾದದ್ದು ಮಲಪ್ರಭೆಯ ದಂಡೆಯಲ್ಲಿ ಅಸಾಧ್ಯವೆನ್ನಲು ಕಾರಣವಿಲ್ಲ.