ಕಣ್ಣು ಮಗ್ಗಕ್ಕ, ಕಿವಿ ಧಾರವಾಡಕ್ಕ 📻 (ನಮ್ಮೂರ ಹಳೇ ಸಂಜಿ, ಭಾಗ 3)

ಒಂದು ಪ್ರಶ್ನೆ ದೋಸ್ತ್ರ. ಮೊಬೈಲ್ ನೋಡ್ಕೋತ ಇಳಕಲ್ ಸೀರಿ ನೇಯಾಕ ಆಗ್ತೈತೇನು? ಆಗೂದಿಲ್ಲ. ಕಣ್ಣು ಎಳಿ ಮ್ಯಾಲೆ ಇರಬೇಕು, ಕೈ ಲಾಳಿ ಕಡೆ, ಕಾಲು ಕುಣಿಯೊಳಗ. ಖಾಲಿ ಇರೋದು ಕಿವಿ ಒಂದ. ಕೆಲಸ ಬಿಡಿಸದ ಮನರಂಜನೆ ಅಂದ್ರ ಅದು ರೇಡಿಯೋ.

ಧಾರವಾಡ ಆಕಾಶವಾಣಿ ಶುರುವಾಗಿದ್ದು 1950ರ ಜನವರಿ 8ಕ್ಕ. ಆಗ ಬಾಗಲಕೋಟೆ ಜಿಲ್ಲೆನೇ ಇರಲಿಲ್ಲ. ಇಳಕಲ್ ಇದ್ದದ್ದು ವಿಜಾಪುರ ಜಿಲ್ಲೆಯೊಳಗ, ಮುಂಬಯಿ ಪ್ರಾಂತದ ಕೆಳಗ. ಏಕೀಕರಣ ಆಗಿದ್ದು 1956ಕ್ಕ. ಅಂದ್ರ ನಕ್ಷೆಯಲ್ಲಿ ಕನ್ನಡ ನಾಡು ಒಂದಾಗೋಕಿಂತ ಮೊದಲೇ ನಮ್ಮ ಭಾಗದ ಕನ್ನಡಕ್ಕ ಗಾಳಿಯೊಳಗ ಒಂದು ಜಾಗ ಸಿಕ್ಕಿತ್ತು!

ಅಲ್ಲಿ ಯಾರ್‍ಯಾರು ಕೆಲಸ ಮಾಡಿದ್ರು ಗೊತ್ತೇನು? ಸಾಹಿತ್ಯಕ್ಕ ಸಲಹೆಗಾರರು ದ.ರಾ. ಬೇಂದ್ರೆ. ಸಂಗೀತಕ್ಕ ಮಲ್ಲಿಕಾರ್ಜುನ ಮನ್ಸೂರ. ಟಿಕೆಟ್ ಇಲ್ಲದೇ ಅಂಥವರ ಬೈಠಕ್ ಮನೀ ಪಡಸಾಲಿಗೇ ಬರ್ತಿತ್ತು.

ಆದ್ರ ಸಿನಿಮಾ ಹಾಡು? ಅದರದ್ದು ಬ್ಯಾರೆ ಕಥಿ. 1952ರಲ್ಲಿ ಮಂತ್ರಿಯಾದ ಬಿ.ವಿ. ಕೇಸ್ಕರ್ ಅವರಿಗೆ ಅವು ಸೇರ್ತಿರಲಿಲ್ಲ. ಆಕಾಶವಾಣಿಯಿಂದ ಮಾಯ ಆದ್ವು. ನಮ್ಮ ಬೀಳಗಿಯ ಅಮೀರಬಾಯಿ ಕರ್ನಾಟಕಿ ಹಾಡಿದ ಹಿಂದಿ ಸಿನಿಮಾ ಹಾಡು ಬೇಕಂದ್ರೂ ಮುಳ್ಳು ತಿರುವಿ ಸಮುದ್ರದಾಚೆಯ ರೇಡಿಯೋ ಸಿಲೋನ್ ಹುಡುಕಬೇಕು. ಬುಧವಾರ ರಾತ್ರಿ 8ಕ್ಕ ಅಲ್ಲಿ ಅಮೀನ್ ಸಯಾನಿಯವರ ಬಿನಾಕಾ ಗೀತ್‌ಮಾಲಾ. ಇಡೀ ದೇಶದ ಕಿವಿ ಆ ಕಡೆ ಹೊಳ್ಳಿತು. ಕಡೀಗೆ 1957ರ ಅಕ್ಟೋಬರ್ 3ಕ್ಕ ಸರ್ಕಾರವೇ ವಿವಿಧ ಭಾರತಿ ಶುರು ಮಾಡ್ತು. ಗೆದ್ದವರು ಕೇಳುಗರು 😄

ರೇಡಿಯೋ ಕೊಂಡ್ರ ಮುಗೀತಿರಲಿಲ್ಲ. ಲೈಸನ್ಸ್ ಬೇಕು! ವರ್ಷಾ ವರ್ಷಾ ಪೋಸ್ಟ್ ಆಫೀಸಿನ್ಯಾಗ ರೊಕ್ಕ ಕಟ್ಟಬೇಕು. ಈ ಪದ್ಧತಿ 1980ರ ದಶಕದ ತನಕ ನಡೀತು. ಅದಕ್ಕ ಎಲ್ಲರ ಮನ್ಯಾಗೂ ರೇಡಿಯೋ ಇರ್ತಿರಲಿಲ್ಲ. ಇದ್ದವರ ಕಟ್ಟಿ ಮ್ಯಾಲೆ ಓಣಿ ಮಂದಿ ಕೂಡ್ತಿದ್ರು. ಟ್ರಾನ್ಸಿಸ್ಟರ್ ಬಂದ ಮ್ಯಾಲೆ ಕರೆಂಟ್ ಇಲ್ಲದ ಮನಿಗೂ, ಹೊಲಕ್ಕೂ ಹಾಡು ಹೋತು.

ಇಷ್ಟೆಲ್ಲಾ ಹೇಳಿದ್ದು ಒಂದು ಮಾತಿಗೆ. ಮನಿಗೆ ಒಂದ ಪೆಟ್ಟಿಗಿ, ತಿರುವಾಕ ಒಂದ ಕಿವಿ. ಅಜ್ಜಗ ವಾರ್ತೆ ಬೇಕು, ಮಕ್ಕಳಿಗೆ ಹಾಡು, ಆಯಿಗೆ ನಾಟಕ. ಸೋತವರೂ ಅಲ್ಲೇ ಕೂತು ಕೇಳಬೇಕು. ಹಂಗಾಗಿ ರಾಗದ ಹೆಸರು ಗೊತ್ತಿಲ್ಲದ ಹುಡುಗರ ಕಿವಿಗೂ ಮನ್ಸೂರರ ದನಿ ಬಿತ್ತು. ತಾನು ಆರಿಸದೇ ಇದ್ದದ್ದನ್ನೂ ಕೇಳೋ ರೂಢಿ ಅದು. ಈಗ ನಾಕು ಮಂದಿಗೆ ನಾಕು ಇಯರ್‌ಫೋನ್. ನಮಗೆ ಏನು ಇಷ್ಟವೋ ಅದನ್ನ ಮತ್ತ ಮತ್ತ ತಂದು ಕೊಡ್ತೈತಿ ಫೋನು.

ಆಗಿನ ಎಷ್ಟೋ ಕಾರ್ಯಕ್ರಮ ನೇರ ಪ್ರಸಾರ. ರೆಕಾರ್ಡ್ ಆಗದ್ದು ಯೂಟ್ಯೂಬಿನಾಗ ಹುಡುಕಿದ್ರೂ ಸಿಗೂದಿಲ್ಲ. ಅದು ಉಳಿದಿರೋದು ಕೇಳಿದವರ ನೆನಪಿನಾಗ ಮಾತ್ರ, ಅವರಿಗೆ ಈಗ ಎಪ್ಪತ್ತು ಎಂಬತ್ತು ವಯಸ್ಸು.

ಇವತ್ತು ಸಂಜಿಗೆ ನಿಮ್ಮ ಆಯಿ, ಅಜ್ಜನ ಮುಂದ ಕೂತು ಕೇಳ್ರಿ: "ರೇಡಿಯೋದಾಗ ಏನು ಕೇಳ್ತಿದ್ರಿ? ಯಾರ ಮನ್ಯಾಗ?" ಫೋನಿನ ರೆಕಾರ್ಡರ್ ಆನ್ ಇರಲಿ. ಅವರು ಹೇಳಿದ್ದರಾಗ ಒಂದು ಸಾಲು ಕೆಳಗ ಬರೀರಿ 👇

#ಇಳಕಲ್ #ಧಾರವಾಡಆಕಾಶವಾಣಿ #ನಮ್ಮೂರಹಳೇಸಂಜಿ